ಹಕ್ಕಿ ಕೋಣೆಯ ಅರವತ್ತು ದಿನ

ಜೂನ್ 13, ಗುರುವಾರ. 12ನೇ ದಿನ.

ಹತ್ತಕ್ಕೆ ಕದ ತೆಗೆದೆ. ಒಂಬತ್ತು ಕಿಟಕಿಗಳ ಶಟರಿನಲ್ಲಿ ಎರಡು ಇವತ್ತೂ ಕಚ್ಚಿಕೊಂಡವು. ಮೊಣಕೈ ಕೊಟ್ಟು ತಳ್ಳಿದ್ದಾಯಿತು. ಹೊರಗೆ ಸೋನೆ. ಹಜಾರದಲ್ಲಿ ಟಿಕೆಟ್ ಮೇಜು, ಅದರ ಹಿಂದೆ ನಾನು. ಎರಡು ಗಂಟೆಯವರೆಗೆ ಹೀಗೇ. ಜನ ಬಂದರೆ ಜನ, ಇಲ್ಲದಿದ್ದರೆ ಈ ಪುಸ್ತಕ.

ಬಂದವರು ನಾಲ್ಕೇ ಜನ. ಮುಲಿಂಗಾರ್‌ನ ಗಂಡಹೆಂಡತಿ — ಆಕೆಗೆ ಮನೆಗಿಂತ ಅಡುಗೆಮನೆಯ ಒಲೆ ಮೇಲೆ ಕಣ್ಣು. ಮಳೆಗೆ ಹೆದರಿ ಒಳಗೆ ನುಗ್ಗಿದ ಇಬ್ಬರು ಜರ್ಮನ್ ಹುಡುಗಿಯರು. ಒಬ್ಬಳು ಕೇಳಿದಳು, "ಇಲ್ಲಿ ದೆವ್ವ ಇದೆಯಾ?" "ನಾನೇ," ಅಂದೆ. ಆಮೇಲೆ ಇಬ್ಬರೂ ನನ್ನ ಹತ್ತಿರ ಬರಲಿಲ್ಲ.

ಎರಡು ಗಂಟೆಗೆ ಕದ ಹಾಕಿ ಹಕ್ಕಿ ಕೋಣೆ ಗುಡಿಸುವಾಗ ಜಮಖಾನೆಯ ಮೇಲೆ ಬಿಳಿ ಚೂರು. ಹೆಬ್ಬೆರಳ ಉಗುರಿನಷ್ಟು. ತಿರುಗಿಸಿ ನೋಡಿದರೆ — ಗರಿ. ಗಾರೆಯ ಗರಿ. ಮೇಲೆ ಹದಿನಾಲ್ಕು ಹಕ್ಕಿ ಇವೆ, ಎಲ್ಲ ಗಾರೆಯವು, ಸೀಲಿಂಗಿನಿಂದ ಅರ್ಧ ಮೈ ಹೊರಗೆ ಚಾಚಿಕೊಂಡು. ಇನ್ನೂರೈವತ್ತು ವರ್ಷದಿಂದ ಅಲ್ಲೇ. ಯಾವುದರದ್ದು ಈ ಗರಿ ಅಂತ ಗೊತ್ತಾಗಲಿಲ್ಲ.

ಅಟ್ರಾಕ್ಟಾಗೆ ತೋರಿಸಿದೆ. ಈ ಮನೆಯ ಅಡುಗೆ, ಬಟ್ಟೆ, ನನ್ನ ತಲೆನೋವು ಎಲ್ಲ ಮೂವತ್ತೆಂಟು ವರ್ಷದಿಂದ ಅವಳ ಕೈಯಲ್ಲೇ.

"ಹೆಸ್ಟರಮ್ಮಾ, ಹಕ್ಕಿ ಗರಿ ಉದುರಿಸ್ತಿದೆ ಅಂದ್ರೆ ಹಾರೋಕೆ ಹೊರಟಿದೆ ಅಂತ."

"ಸುಮ್ನಿರೇ. ಗಾರೆ ಅದು."

"ಗಾರೆ ಆದ್ರೆ ಹಾರಲ್ಲ ಬಿಡಿ. ನೇರ ಕೆಳಗೇ ಬರತ್ತೆ."

ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟೆ.


ಜೂನ್ 14, ಶುಕ್ರವಾರ. 13ನೇ ದಿನ.

ಎರಡರ ಮೇಲೆ ಮ್ಯಾಲಕಿ ಫೀರಿಕ್ ಬಂದ. ಈ ಸೀಮೆಯಲ್ಲಿ ಹಳೇ ಸುಣ್ಣದ ಗಾರೆ ಕೆಲಸ ಬಲ್ಲವನು ಅವನೊಬ್ಬನೇ. ಅವನಪ್ಪನೂ ಇಲ್ಲಿ ತೇಪೆ ಹಾಕಿದವನೇ. ಏಣಿ ಹತ್ತಿ, ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋದ. ಗೋಡೆ ಕಡೆ ಟಕ್ ಟಕ್. ನಡುವಿಗೆ ಬಂದ ಹಾಗೆ ಡಬ್ ಡಬ್. ಕೆಳಗೆ ನಿಂತಿದ್ದ ನನಗೇ ಕೇಳಿಸಿತು.

"ಅಮ್ಮಾವ್ರೇ, ನಿಜ ಹೇಳ್ಲಾ, ಸಮಾಧಾನ ಹೇಳ್ಲಾ?"

"ಎರಡಕ್ಕೂ ಅದೇ ಚಹಾ. ನಿಜ ಹೇಳು."

"ನಡೂಮಧ್ಯ, ಆ ಕಾಡುಬಾತಿನ ಸುತ್ತ, ಗಾರೆ ಮೇಲಿನ ಮರದ ಹಲಗೆಪಟ್ಟೀನ ಬಿಟ್ಟಿದೆ. ಹಿಡ್ಕೊಳ್ಳೋಕೆ ಏನೂ ಇಲ್ಲ. ಈಗ ನಿಂತಿರೋದು ಬರೀ ರೂಢಿ ಮೇಲೆ."

"ಎಷ್ಟು ದಿನ ನಿಲ್ಲತ್ತೆ?"

"ನಾಳೆ ಬೀಳಬಹುದು. ನಿಮ್ಮ ಸಾವಿನ ಮನೆ ಊಟಕ್ಕೂ ನಿಂತಿರಬಹುದು. ಆದ್ರೆ ಬಿದ್ರೆ ಮಾತ್ರ... ಆ ಬಾತೊಂದೇ ಒಂದು ಕರು ತೂಕ ಇದೆ."

ಕೆಳಗಿನಿಂದ ಆನಿಕೆ ಕಂಬ ಕೊಡಬೇಕಂತೆ. ಆರು ವಾರ ಕೋಣೆ ಮುಚ್ಚಬೇಕಂತೆ. ಆಗುವುದಿಲ್ಲ ಅಂದೆ. ಪರಂಪರೆ ಇಲಾಖೆಯ ಕಾಗದ ಅವನಿಗೂ ಗೊತ್ತು, ಊರಿಗೇ ಗೊತ್ತು: ಈ ಡ್ರಮ್‌ಸಲ್ಲಾ ಮನೆಯ ಮಹತ್ವವೆಲ್ಲ ಹಕ್ಕಿ ಕೋಣೆಯ ಸೀಲಿಂಗಿನಲ್ಲಿದೆ. ಪಟ್ಟಿಯಲ್ಲಿ ಹೆಸರು ಉಳಿಯಬೇಕಾದರೆ ವರ್ಷಕ್ಕೆ ಅರವತ್ತು ದಿನ ಊರವರಿಗೆ ಬಾಗಿಲು ತೆರೆದಿಡಬೇಕು — ಹೇಳಿದ ದಿನ, ಹೇಳಿದ ಹೊತ್ತು, ಹೇಳಿದ ಕೋಣೆ. ನೋಡಿಕೊಂಡು ಹೋಗಲು ಅವರ ಕಡೆಯವರು ಬರುತ್ತಾರೆ. ಯಾವತ್ತು ಅಂತ ಹೇಳುವುದಿಲ್ಲ, ಬಂದಾಗಲೂ ಯಾರು ಅಂತ ಹೇಳುವುದಿಲ್ಲ. ಹಕ್ಕಿ ಕೋಣೆಯೇ ಮುಚ್ಚಿದ್ದರೆ ಉಳಿದದ್ದು ತೋರಿಸಿ ಏನು ಸುಖ.

"ಸೆಪ್ಟೆಂಬರ್ ಮುಗೀಲಿ ಮ್ಯಾಲಕಿ."

"ಬೆಂಕಿ ಬಿದ್ಮೇಲೆ ಬಾವಿ ತೋಡ್ತೀರಾ? ಸರಿ. ನಾನು ಹೇಳಿದೀನಿ ಅಂತ ಎಲ್ಲಾದ್ರೂ ಬರ್ಕೊಳ್ಳಿ."

ಬರೆದಿದ್ದೇನೆ. ಹೇಳಿದ.

ಹೋಗುವ ಮುಂಚೆ ಮೂವರೂ ಸೇರಿ ಊಟದ ಮನೆಯ ದುಂಡು ಮೇಜನ್ನು ಎಳೆದು ತಂದು ಬಾತಿನ ಕೆಳಗೆ ನಿಲ್ಲಿಸಿದೆವು. ಮೇಲೆ ದೊಡ್ಡ ಜರೀಗಿಡದ ಕುಂಡ. ಈಗ ಯಾರೂ ನಡುವೆ ನಿಲ್ಲುವ ಹಾಗಿಲ್ಲ, ಸುತ್ತಿ ಹೋಗಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.


ಜೂನ್ 20, ಗುರುವಾರ. 15ನೇ ದಿನ.

ಒಬ್ಬನೇ ಗಂಡಸು. ಅರವತ್ತರ ಮೇಲೆ. ಬೂದು ಬಣ್ಣದ ಮಳೆಕೋಟು, ತಿಕ್ಕಿ ಹೊಳಪು ಮಾಡಿದ ಬೂಟು. ಟಿಕೆಟ್ ತೆಗೆದುಕೊಂಡ, ಬೇರೆ ಯಾವ ಕೋಣೆಗೂ ಇಣುಕಲಿಲ್ಲ. ಸೀದಾ ಹಕ್ಕಿ ಕೋಣೆ. ಐವತ್ತು ನಿಮಿಷ! ಬಾಗಿಲ ಸಂದಿಯಿಂದ ನೋಡಿದೆ. ತಲೆ ಎತ್ತಿ ನಿಂತಿದ್ದಾನೆ. ಕೈಯಲ್ಲಿ ಸಣ್ಣ ಪುಸ್ತಕ, ಪೆನ್ಸಿಲು. ನೋಡುವುದು, ಗೀಚುವುದು. ನನ್ನನ್ನು ಕಂಡೊಡನೆ ಪುಸ್ತಕ ಮುಚ್ಚಿದ.

"ಥ್ಯಾಂಕ್ಸ್ ಮೇಡಂ. ಮುಂದಿನ ವಾರವೂ ತೆರೆದಿರತ್ತಾ?"

ಇಂಗ್ಲೆಂಡಿನ ಕಡೆಯ ಮಾತು.

"ಗುರುವಾರ, ಶುಕ್ರವಾರ, ಶನಿವಾರ. ಹತ್ತರಿಂದ ಎರಡು. ತಪ್ಪದೆ," ಅಂದೆ. ದನಿ ಸ್ವಲ್ಪ ಜೋರಾಯಿತು.

ಬಂದ. ಇಲಾಖೆಯವನು ಇವನೇ ಇರಬೇಕು.


ಜೂನ್ 28, ಶುಕ್ರವಾರ. 19ನೇ ದಿನ.

ಬೂದುಕೋಟು ಮತ್ತೆ. ಮುಕ್ಕಾಲು ಗಂಟೆ. ಕಿಟಕಿ ಕಡೆಯ ಗೂಬೆಯ ಕೆಳಗೆ.

ಅಟ್ರಾಕ್ಟಾ ಚಹಾ ಕೊಡುವ ನೆಪದಲ್ಲಿ ಒಳಗೆ ನುಗ್ಗಲು ನೋಡಿದಳು. ತಡೆದೆ. ಅವಳ ಬಾಯಿಗೆ ಬೀಗ ಇಲ್ಲ. ಗರಿ ಉದುರಿದ್ದು, ಡಬ್ ಡಬ್ ಅಂದದ್ದು, ಎಲ್ಲ ಒಂದು ಲೋಟ ಚಹಾದ ಜೊತೆಗೆ ಒಪ್ಪಿಸಿಬಿಡುತ್ತಾಳೆ. "ಅವನ ಹತ್ರ ಒಂದು ಮಾತೂ ಆಡಕೂಡದು," ಅಂದೆ. ಮುಖ ಊದಿಸಿಕೊಂಡಿದ್ದಾಳೆ. ರಾತ್ರಿಯ ಸೂಪಿಗೆ ಉಪ್ಪಿಲ್ಲ.


ಜುಲೈ 5, ಶುಕ್ರವಾರ. 22ನೇ ದಿನ.

ಬಂದಿದ್ದ. ಅದೇ ಕೋಣೆ, ಅದೇ ಪುಸ್ತಕ. ಬರೆಯಲು ಇನ್ನೇನಿದೆ ಅಷ್ಟು?

ಡಬ್ಬಿಯಲ್ಲಿ ಈಗ ಏಳು ಚೂರು.


ಜುಲೈ 9, ಮಂಗಳವಾರ.

ತಮ್ಮ ಪಿಯರ್ಸ್ ಫೋನು, ಲಂಡನ್ನಿನಿಂದ. ಅಪ್ಪ ಉಯಿಲಿನಲ್ಲಿ ಮನೆಯನ್ನು ನಮ್ಮಿಬ್ಬರಿಗೂ ಬರೆದರು. ಅವನು ಅದರ ಬೆಲೆ ನೋಡುತ್ತಾನೆ, ನಾನು ಅದರ ಸೂರು.

"ಹೇಗಿದೆ ಹೆಸ್, ಸೀಲಿಂಗು?"

"ಮೇಲಿದೆ."

"ತಮಾಷೆ ಬೇಡ. ಒಪ್ಪಂದ ನೆನಪಿದೆ ತಾನೇ? ಪಟ್ಟಿಯಲ್ಲಿ ಇರೋವರೆಗೂ ನಾನು ಬಾಯಿ ತೆಗೆಯಲ್ಲ. ಹೆಸರು ಹೋದ ದಿನ ಮನೆ ಮಾರೋಕೆ ನಿನ್ನ ಸಹಿ. ಹೋಟೆಲಿನವರು ತಿಂಗಳಿಗೊಮ್ಮೆ ಫೋನ್ ಮಾಡ್ತಾರೆ. ಹಕ್ಕಿ ಕೋಣೇಲಿ ಬಾರ್ ಮಾಡ್ತಾರಂತೆ, ಚೆನ್ನಾಗಿರತ್ತೆ ಅಲ್ವಾ?"

"ನೀನು ಹುಟ್ಟಿದಾಗ ಅಮ್ಮ ನಿನ್ನ ಆ ಕೋಣೇಲೇ ಎತ್ತಿ ತೋರಿಸಿದ್ಲು ಕಣೋ, ಬಂದವರಿಗೆಲ್ಲ."

"ನಂಗೆ ನೆನಪಿಲ್ಲ."

ಫೋನನ್ನು ಕುಕ್ಕಿ ಇಟ್ಟೆ. ಸಿಟ್ಟಿಗೆ. ನನಗೆ ಗಂಡನಿಲ್ಲ, ಮಕ್ಕಳಿಲ್ಲ. ಇರುವುದು ಹದಿನಾಲ್ಕು ಹಕ್ಕಿ. ಅವನ್ನು ಬೀರಿನ ಲೋಟ ಹಿಡಿದವರ ತಲೆ ಮೇಲೆ ಬಿಡಲಾರೆ. ಬಿಡುವುದಿಲ್ಲ.


ಜುಲೈ 19, ಶುಕ್ರವಾರ. 28ನೇ ದಿನ.

ಇವತ್ತು ಸಿಕ್ಕಿಬಿದ್ದೆ ಅಂದುಕೊಂಡೆ.

ಬೂದುಕೋಟು ಕೋಣೆಯಿಂದ ಹೊರಗೆ ಬಂದು, ಟೋಪಿ ಕೈಯಲ್ಲಿ ತಿರುವುತ್ತಾ, "ತಪ್ಪು ತಿಳೀಬೇಡಿ... ಆ ದುಂಡು ಮೇಜು ಸ್ವಲ್ಪ ಸರಿಸಬಹುದಾ? ನಡುವಿಂದು ಸರಿಯಾಗಿ ಕಾಣ್ತಿಲ್ಲ," ಅಂದ.

ಗೊತ್ತಾಗಿದೆ ಇವನಿಗೆ. ಪರೀಕ್ಷೆ ಮಾಡುತ್ತಿದ್ದಾನೆ.

"ತುಂಬ ಭಾರ ಅದು," ಅಂದೆ.

"ನಾನೂ ಕೈ ಹಾಕ್ತೀನಿ."

ಬೇಡ ಅನ್ನಲು ಕಾರಣ ಬೇಕಲ್ಲ? ಇದ್ದದ್ದು ಒಂದೇ ಕಾರಣ, ಅದನ್ನು ಹೇಳುವ ಹಾಗಿಲ್ಲ. ಇಬ್ಬರೂ ಸೇರಿ ಸರಿಸಿದೆವು. ಅವನು ಸರಿಯಾಗಿ ಬಾತಿನ ಹೊಟ್ಟೆಯ ಕೆಳಗೆ ನಿಂತ. ತಲೆ ಎತ್ತಿದ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವನ ಬೋಳುತಲೆಯ ಮೇಲೆ ಒಂದು ಕಾಳು ಪುಡಿ ಬಿತ್ತು. ಕಂಡೆ. ಅವನಿಗೆ ತಿಳಿಯಲಿಲ್ಲ.

ಇಪ್ಪತ್ತು ನಿಮಿಷ. ಆಮೇಲೆ, "ಇವತ್ತು ಬೆಳಕು ಸಾಲ್ದು. ನಿಂತು ನೋಡಿದ್ರೆ ಹೊಟ್ಟೆ ಮಾತ್ರ ಕಾಣತ್ತೆ, ಮುಖ ಕಾಣಲ್ಲ," ಅಂತ ಹೋದ.

ಪಕ್ಕಕ್ಕೆ ಸರಿಯಪ್ಪಾ ಅಂತ ಒಂದು ಮಾತು ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಮನೆ ಹೋಗುತ್ತಿತ್ತು. ಅದಕ್ಕೇ ಅನ್ನಲಿಲ್ಲ. ಅಟ್ರಾಕ್ಟಾ ಎಲ್ಲ ನೋಡಿದ್ದಳು, ಮೇಜನ್ನು ಮತ್ತೆ ಎಳೆಯುವಾಗ ಬಾಯಿಬಿಟ್ಟಳು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು ನಿಮ್ಮ ಕತೆ. ಅವನು ಇಲಾಖೆಯವನು ಅಂತ ಯಾರಂದ್ರು?"

"ಮತ್ಯಾರು ಒಂದೇ ಕೋಣೆ ನೋಡೋಕೆ ವಾರವಾರ ಬರ್ತಾರೆ?"

"ಹುಚ್ಚರು."


ಆಗಸ್ಟ್ 3, ಶನಿವಾರ. 35ನೇ ದಿನ.

ಸೋಮವಾರ ಅಟ್ರಾಕ್ಟಾಳ ಮಂಡಿ ಆಪರೇಷನ್. ಐದು ವಾರ ತಂಗಿಯ ಮನೆಯಲ್ಲಿರುತ್ತಾಳೆ. ನಾಲ್ಕು ಸೋಡಾ ಬ್ರೆಡ್ಡು ಬೇಯಿಸಿಟ್ಟು, ಹೋಗುವ ಹೊತ್ತಿಗೆ ಹೊಸ್ತಿಲಲ್ಲಿ ನಿಂತಳು.

"ಆ ಮನುಷ್ಯನ್ನ ಒಂದು ಮಾತು ಕೇಳಿಬಿಡಿ. ಯಾರಪ್ಪಾ ನೀನು, ಯಾರ ಪೈಕಿ ಅಂತ."

"ಬಂದವರನ್ನ ಹಾಗೆ ಕೇಳೋ ಪದ್ಧತಿ ಈ ಮನೇಲಿಲ್ಲ ಕಣೇ."

"ನಮ್ಮನೇಲಿ ಮೊದ್ಲು ಕೇಳೋದೇ ಅದು. ಆಮೇಲೇ ಕೂತ್ಕೋ ಅನ್ನೋದು."

ಕಾರು ತಿರುವು ದಾಟುವವರೆಗೂ ನಿಂತಿದ್ದೆ. ಮನೆ ಇಷ್ಟು ದೊಡ್ಡದು ಅಂತ ಮರೆತೇಹೋಗಿತ್ತು.


ಆಗಸ್ಟ್ 20, ಮಂಗಳವಾರ. 44ನೇ ದಿನ.

ಪರಂಪರೆ ವಾರ. ಹೆಸರಿಗೆ ವಾರ, ಒಂಬತ್ತು ದಿನ ಬಿಡುವಿಲ್ಲದೆ ತೆರೆದಿರಬೇಕು. ನಿನ್ನೆ ಎಪ್ಪತ್ತು ಜನ, ಇವತ್ತು ತೊಂಬತ್ತು. ಬರೆಯಲು ಹೊತ್ತಿಲ್ಲ. ಮಕ್ಕಳು ದುಂಡು ಮೇಜಿನ ಸುತ್ತ ಓಡುತ್ತಾರೆ. ನೆಲ ಅದುರಿದರೆ ಸೀಲಿಂಗು ಅದುರುತ್ತಾ? ಮ್ಯಾಲಕಿಯನ್ನು ಕೇಳಬೇಕು. ಕೇಳುವುದಿಲ್ಲ.

ಮಧ್ಯಾಹ್ನ ಚರ್ಚಿನ ಹಾಡುಗಾರ್ತಿಯರು, ಹದಿನೆಂಟು ಹೆಂಗಸರು. "ಎಂಥ ಕೋಣೆ ಹೆಸ್ಟರ್! ಎರಡೇ ಎರಡು ಹಾಡು ಹಾಡ್ತೀವಿ." ಜನ ಆಗಲೇ ಚಪ್ಪಾಳೆ ತಟ್ಟಿಬಿಟ್ಟರು. ಬೇಡ ಅನ್ನುವಷ್ಟರಲ್ಲಿ ಶುರು. ಮೇಲುದನಿಗೆ ಏರಿದಾಗ ಕಿಟಕಿ ಗಾಜು ಗುಂಯ್ ಅಂದಿತು. ಮುಂದೆ ನಿಂತು ಹಾಡಿಸುವಾಕೆಯ ಕಪ್ಪು ಟೋಪಿಯ ಮೇಲೆ ಬಿಳಿ ಪುಡಿ, ಹಿಟ್ಟು ಜರಡಿ ಹಿಡಿದ ಹಾಗೆ. ಯಾರೋ, "ಅಯ್ಯೋ, ಹಕ್ಕಿಗಳೂ ತಲೆದೂಗ್ತಿವೆ!" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕೈ ಬಾಯಿಗೆ ಅಡ್ಡ ಹಿಡಿದಿದ್ದೆ.

ಬೂದುಕೋಟು ಮೂಲೆಯಲ್ಲಿದ್ದ. ಅವನು ಮಾತ್ರ ನಗಲಿಲ್ಲ. ಬರೆಯುತ್ತಿದ್ದ.


ಆಗಸ್ಟ್ 26, ಸೋಮವಾರ.

ಜನ ಹೋದರು. ಬೆಳಗಿನ ಬೆಳಕಿನಲ್ಲಿ ಸರಿಯಾಗಿ ನೋಡಿದೆ. ಬಾತಿನ ಕೊರಳಿನಿಂದ ಅಗ್ಗಿಷ್ಟಿಕೆಯ ಕಡೆಗೆ ಬಿರುಕು. ಏಣಿ ಹತ್ತಿದೆ — ಐವತ್ತೆಂಟರ ವಯಸ್ಸಿಗೆ ಒಬ್ಬಳೇ ಏಣಿ ಹತ್ತುವುದು ಬುದ್ಧಿವಂತರ ಕೆಲಸವಲ್ಲ. ಬಿರುಕಿನೊಳಗೆ ಎರಡು ಸೆಂಟಿನ ನಾಣ್ಯ ನಿಲ್ಲುತ್ತದೆ.

ಇನ್ನು ಹನ್ನೊಂದು ದಿನ. ಎಳೆದುಬಿಡೋಣ.


ಸೆಪ್ಟೆಂಬರ್ 6, ಶುಕ್ರವಾರ. 54ನೇ ದಿನ.

ಮೂರು ದಿನದಿಂದ ಬಿಡದ ಮಳೆ. ಐವತ್ತು ಸೆಂಟಿನ ದಪ್ಪ ನಾಣ್ಯ ಈಗ ಸಲೀಸಾಗಿ ಹೋಗುತ್ತದೆ.

ಮ್ಯಾಲಕಿ ತಾನಾಗಿ ಬಂದ, ಕರೆದಿರಲಿಲ್ಲ. ಬಾಗಿಲಲ್ಲೇ ನಿಂತು ಮೇಲೆ ನೋಡಿದ. ಒಳಗೆ ಕಾಲಿಡಲಿಲ್ಲ.

"ಕದ ಹಾಕಿ ಅಮ್ಮಾವ್ರೇ. ಇವತ್ತೇ."

"ಇನ್ನು ಆರೇ ದಿನ."

"ಆರು ದಿನ ಅಂತ ಅದಕ್ಕೆ ಗೊತ್ತಾ? ಅದಕ್ಕೆ ಓದೋಕೆ ಬರತ್ತಾ, ನಿಮ್ಮ ಇಲಾಖೆ ಕಾಗದ?"

"ಮನೆ ಹೋಗತ್ತೆ ಮ್ಯಾಲಕಿ."

"ಯಾರದ್ದೋ ಮನೆಯವ್ರು ಹೋದ್ರೆ?"

ಜಗಳವಾಯಿತು. ಅವನ ಅಪ್ಪ ನನ್ನ ಅಪ್ಪನ ಮುಂದೆ ಎಂದೂ ಹಾಗೆ ಮಾತಾಡಿರಲಿಲ್ಲ ಅಂದುಬಿಟ್ಟೆ. ಅನ್ನಬಾರದಿತ್ತು. ಅವನು ಟೋಪಿ ಹಾಕಿಕೊಂಡ. "ಅದಕ್ಕೇ ಈ ಗತಿ ಬಂದಿದ್ದು," ಅಂದ. ಗೇಟಿನವರೆಗೂ ಹೋಗಿ ತಿರುಗಿ ಬಂದ, ಸದ್ಯ. "ಇಪ್ಪತ್ಮೂರನೇ ತಾರೀಕು ಸೋಮವಾರ, ಬೆಳಿಗ್ಗೆ ಎಂಟಕ್ಕೆ, ಕಂಬ ತರ್ತೀನಿ. ಅದಕ್ಕಿಂತ ಮುಂಚೆ ಬೇರೆ ಕಡೆ ಒಪ್ಕೊಂಡಿರೋ ಕೆಲಸ. ಅಲ್ಲೀವರೆಗೂ ದೇವ್ರು ಹಿಡ್ಕೊಂಡಿರ್ಲಿ."


ಸೆಪ್ಟೆಂಬರ್ 13, ಶುಕ್ರವಾರ. 57ನೇ ದಿನ.

ಇವತ್ತಿನದ್ದು ಬರೆಯಲು ಮನಸ್ಸಿಲ್ಲ. ಆದರೂ ಇದ್ದದ್ದು ಇದ್ದ ಹಾಗೆ ಬರೆಯಬೇಕು.

ಅಟ್ರಾಕ್ಟಾ ನಿನ್ನೆ ಬಂದಳು, ಊರುಗೋಲಿನ ಮೇಲೆ. ಇವತ್ತು ನಾನು ಮೇಲಿನ ಕಿಟಕಿ ಹಾಕಲು ಹೋಗಿದ್ದಷ್ಟೇ. ಕೆಳಗೆ ಇಳಿಯುವಷ್ಟರಲ್ಲಿ ಬೂದುಕೋಟು ಅಡುಗೆಮನೆಯಲ್ಲಿ! ಮುಂದೆ ಚಹಾ, ಬೆಣ್ಣೆ ಸವರಿದ ಬ್ರೆಡ್ಡು. ಇವಳು ಎದುರು ಕುರ್ಚಿಯಲ್ಲಿ ಕಾಲು ಚಾಚಿಕೊಂಡು.

"ಬನ್ನಿ ಹೆಸ್ಟರಮ್ಮಾ. ನಿಮ್ಮ ಇನ್‌ಸ್ಪೆಕ್ಟರ್! ಡೀಲಿಯಾ ಗಿಲೂಲಿ ಮಗ ಇವ್ರು. ಮೇಲಿನ ಸೇತುವೆ ಹತ್ರದ ಗಿಲೂಲಿಗಳು. ಎರಡು ನಿಮಿಷ ಹಿಡೀತು ಕೇಳೋಕೆ. ಎರಡೇ ನಿಮಿಷ."

"ಗಿಲೂಲಿ?" ಅಂದೆ.

ಅವನು ಎದ್ದು ನಿಂತ. ನಾಚಿಕೊಂಡು ಹೇಳಿದ. ಅವನ ತಾಯಿ ಮದುವೆಗೆ ಮುಂಚೆ ಇಲ್ಲಿ ಹನ್ನೊಂದು ವರ್ಷ ಕೆಲಸಕ್ಕಿದ್ದಳಂತೆ, ನನ್ನ ಅಜ್ಜಿಯ ಕಾಲ. ಹಕ್ಕಿ ಕೋಣೆಯ ಅಗ್ಗಿಷ್ಟಿಕೆ ಅವಳದ್ದು. ಬೆಳಗಾಗುವ ಮುಂಚೆ ಬೂದಿ ತೆಗೆದು, ಕಬ್ಬಿಣ ಉಜ್ಜಿ, ಬೆಂಕಿ ಹಾಕಿ, ಯಾರೂ ಏಳುವ ಮುಂಚೆ ಹೊರಟುಹೋಗಬೇಕು. ಈಗ ಕಾವೆಂಟ್ರಿಯಲ್ಲಿ, ವೃದ್ಧರ ಆಸ್ಪತ್ರೆಯಲ್ಲಿ, ಹಾಸಿಗೆ ಹಿಡಿದು ಮಲಗಿದ್ದಾಳೆ. ಎಂಬತ್ತೊಂಬತ್ತು.

"ಹಕ್ಕಿ ಕೋಣೆ ಹಕ್ಕಿ ಕೋಣೆ ಅಂತ ಇಡೀ ಜನ್ಮ ಹೇಳ್ತಿದ್ಲು. ಹೇಗಿದ್ವಮ್ಮಾ ಹಕ್ಕಿ ಅಂದ್ರೆ, ಗೊತ್ತಿಲ್ಲ ಕಣೋ, ನಾನೆಲ್ಲಿ ನೋಡಿದೆ ಅಂತಾಳೆ. ತಲೆ ಎತ್ತೋ ಹಾಗಿರ್ಲಿಲ್ವಂತೆ. ಒಂದ್ಸಲ ಎತ್ತಿದ್ಲಂತೆ, ನಿಮ್ಮಜ್ಜಿ ಬಾಗಿಲಲ್ಲಿದ್ರಂತೆ. 'ನಿನ್ನ ಕೆಲಸ ಕೆಳಗಿದೆ' ಅಂದ್ರಂತೆ. ಮತ್ತೆ ಎತ್ತಲಿಲ್ಲ."

ಪುಸ್ತಕ ತೆಗೆದು ತೋರಿಸಿದ. ವರದಿಯಲ್ಲ, ಲೆಕ್ಕವಲ್ಲ. ಚಿತ್ರಗಳು. ಗೂಬೆ, ಕೊಕ್ಕರೆ, ಒಂದೊಂದು ಗರಿಯೂ ಬಿಡದೆ. ವಾರಕ್ಕೊಂದು ನಕಲು ಮಾಡಿ ಟಪಾಲಿಗೆ ಹಾಕುತ್ತಾನೆ. ನರ್ಸುಗಳು ಅವಳ ಹಾಸಿಗೆಯ ಎದುರು ಗೋಡೆಗೆ ಅಂಟಿಸುತ್ತಾರೆ. ಹದಿಮೂರು ಆಗಿದೆ. ನಡುವಿನ ಬಾತು ಒಂದು ಉಳಿದಿದೆ.

"ಮೊದಲೇ ಹೇಳಬಾರದಿತ್ತಾ?" ಅಂದೆ.

"ಯಾರೂ ಕೇಳ್ಲಿಲ್ವಲ್ಲ ಮೇಡಂ."

ಅವನು ಹೋದಮೇಲೆ ಮೊದಲು ಬಂದದ್ದು ಸಮಾಧಾನ. ಸುಳ್ಳು ಯಾಕೆ. ಅಬ್ಬಾ, ಇಲಾಖೆಯವನಲ್ಲ! ಆಮೇಲೆ ಉಳಿದದ್ದು ಬಂತು. ಜುಲೈಯಲ್ಲಿ ಅವನನ್ನು ಬಾತಿನ ಕೆಳಗೆ ನಿಲ್ಲಿಸಿ ಬಾಯಿ ಮುಚ್ಚಿಕೊಂಡು ನೋಡಿದ್ದೆನಲ್ಲ, ಅದು.

ಹಿಂದಿನ ಓಣಿಯಲ್ಲಿ ಆಳುಗಳ ಹಳೇ ಫೋಟೋ ಇದೆ. ಇಳಿಸಿ ಹಿಂಬದಿ ನೋಡಿದೆ. ಅಜ್ಜಿಯ ಅಕ್ಷರ: ಮಿಸೆಸ್ ಟೂಹಿ. ಮೇರಿ. ಮೇರಿ. ಮೇರಿ. ಮುಂಗೋಣೆಯ ಕೆಲಸಕ್ಕೆ ಯಾರೇ ಬರಲಿ, ಮೇರಿ ಅಂತಲೇ ಕರೆಯುವುದು ಅಜ್ಜಿಯ ಕಟ್ಟಳೆ. ಹೊಸ ಹೆಸರು ಕಲಿಯುವ ತಾಪತ್ರಯ ಬೇಡ ಅಂತ. ಚಿಕ್ಕಂದಿನಲ್ಲಿ ನಮಗೆ ಅದೊಂದು ತಮಾಷೆ. ಮೂವರಲ್ಲಿ ಡೀಲಿಯಾ ಯಾರೋ ತಿಳಿಯಲಿಲ್ಲ. ಎಡಗಡೆಯವಳು ಅವನ ಹಾಗೇ ಕಾಣುತ್ತಾಳೆ.


ಸೆಪ್ಟೆಂಬರ್ 14, ಶನಿವಾರ. 58ನೇ ದಿನ.

ಹಕ್ಕಿ ಕೋಣೆಗೆ ಬೀಗ. ಬಾಗಿಲ ಮೇಲೆ ಚೀಟಿ: ದುರಸ್ತಿ. ಇನ್ನುಳಿದ ದಿನಗಳಲ್ಲಿ ಇಲಾಖೆಯವನು ಬಂದರೆ ಬರಲಿ, ಹೆಸರು ಹೊಡೆದರೆ ಹೊಡೆಯಲಿ. ಕೀಲಿ ನನ್ನ ಜೇಬಿನಲ್ಲಿ.

ಅಟ್ರಾಕ್ಟಾ ಚೀಟಿ ಓದಿದಳು. ರಾತ್ರಿ ಊಟಕ್ಕೆ ಹ್ಯಾಮು, ನನಗೆ ಇಷ್ಟವಾದ ಸಾಸಿವೆ ಸಾರು.


ಸೆಪ್ಟೆಂಬರ್ 18, ಬುಧವಾರ.

ಇಲಾಖೆಯಿಂದ ಕಾಗದ. ಎರಡು ಸಲ ಓದಿದೆ, ಕನ್ನಡಕ ಒರೆಸಿ ಮೂರನೇ ಸಲ.

ಅವರ ಅಧಿಕಾರಿ ಬಂದು ಹೋಗಿದ್ದಾಳೆ. ಮೇ 24ಕ್ಕೆ. ಎಲ್ಲ ತೃಪ್ತಿಕರ. ಮನೆಯ ಹೆಸರು ಪಟ್ಟಿಯಲ್ಲಿ ಮುಂದುವರಿಯುತ್ತದೆ.

ಮೇ 24! ಹಿಂದಿನ ಪುಟ ತೆಗೆದು ನೋಡಿದೆ. ಆ ದಿನ ಒಬ್ಬಳೇ ಬಂದಿದ್ದಳು, ಕೆಂಪು ಸ್ಕಾರ್ಫು, ಟಾಯ್ಲೆಟ್ ಎಲ್ಲಿ ಅಂತ ಕೇಳಿದವಳು. "ಮಳೆ ಬಂತೂಂದ್ರೆ ಇಂಥವರೇ" ಅಂತ ಬೇರೆ ಬರೆದಿದ್ದೇನೆ.

ಮನೆ ಉಳಿಯಿತು. ಆಗಲೇ ಉಳಿದಿತ್ತು. ಅಂದರೆ ಇಡೀ ಬೇಸಿಗೆ ಆ ಮಕ್ಕಳು, ಆ ಹಾಡುಗಾರ್ತಿಯರು, ಎಲ್ಲರನ್ನೂ ಅದರ ಕೆಳಗೆ ಬಿಟ್ಟದ್ದು ಯಾತಕ್ಕೂ ಅಲ್ಲ. ಅಟ್ರಾಕ್ಟಾ ನಗುತ್ತಾ ಅಳುತ್ತಾ ಕುಣಿಯಲು ಹೋದಳು, ಮಂಡಿ ಬಿಡಲಿಲ್ಲ. ನಾನು ಬಿಸ್ಕತ್ತಿನ ಡಬ್ಬಿ ತೆಗೆದು ಚೂರುಗಳನ್ನು ಎಣಿಸುತ್ತಾ ಕೂತೆ.


ಸೆಪ್ಟೆಂಬರ್ 19, ಗುರುವಾರ. 59ನೇ ದಿನ.

ಹನ್ನೊಂದಕ್ಕೆ ಬೀಗದ ಹಿಂದೆ ಧಪ್ ಅಂತ ಸದ್ದು. ಬಾಗಿಲು ಒಂದು ಗೇಣು ತೆಗೆದು ನೋಡಿದೆ. ಬಿದ್ದದ್ದು ಬಾತಲ್ಲ. ಅದರ ಪಕ್ಕದ ಗಾರೆಯ ಎಲೆಬಳ್ಳಿ, ಮೊಳದುದ್ದ, ನೆಲದ ಮೇಲೆ ನುಚ್ಚುನೂರು. ಕುಂಡ ಒಡೆದಿದೆ. ಮತ್ತೆ ಬೀಗ.

ಮ್ಯಾಲಕಿಗೆ ಫೋನು ಮಾಡಿ ತಪ್ಪಾಯಿತು ಅಂದೆ. "ಸೋಮವಾರ," ಅಂದ. "ಒಳಗೆ ಹೋಗಬೇಡಿ. ಗುಡಿಸೋಕೂ ಹೋಗಬೇಡಿ."


ಸೆಪ್ಟೆಂಬರ್ 20, ಶುಕ್ರವಾರ. 60ನೇ ದಿನ.

10.15 — ಕೊನೇ ದಿನ. ಮಳೆ ನಿಂತು ಒಳ್ಳೇ ಬಿಸಿಲು. ಅಟ್ರಾಕ್ಟಾ ಮಂಡಿ ತೋರಿಸಲು ಪೇಟೆಗೆ. ಯಾರೂ ಬಂದಿಲ್ಲ.

11.30 — ಬೈಸಿಕಲ್ಲಿನ ಮೇಲೆ ಇಬ್ಬರು. ಹಕ್ಕಿ ಕೋಣೆ ಮುಚ್ಚಿದೆ ಅಂದೆ. ಪರವಾಗಿಲ್ಲ ಅಂದರು. ಎಷ್ಟು ಸುಲಭವಿತ್ತು.

12.20 — ಬೂದುಕೋಟು ಬಂದ. ಕೈಯಲ್ಲಿ ಚೀಲ. ಮೂರರ ಬಸ್ಸಿಗೆ ಹೊರಡುತ್ತಾನಂತೆ, ಆಸ್ಪತ್ರೆಯಿಂದ ಫೋನು ಬಂದಿದೆ. ತಾಯಿ ಇನ್ನು ಹೆಚ್ಚು ದಿನ ಇಲ್ಲವಂತೆ.

ಬಾಗಿಲ ಚೀಟಿ ಓದಿದ. ಮುಖ ಇಳಿಯಿತು.

ಎಲ್ಲ ಹೇಳಿದೆ. ಗಾರೆ ಬಿಟ್ಟಿದೆ, ಬಿರುಕು ಬಿಟ್ಟಿದೆ, ನಿನ್ನೆ ಬಿದ್ದಿದೆ, ಯಾವ ಗಳಿಗೆಯಲ್ಲಾದರೂ ಬೀಳಬಹುದು. ಜುಲೈಯದ್ದನ್ನೂ ಹೇಳಿದೆ. ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ನೆನ್ನೆ ಫೋನಲ್ಲಿ ಅಮ್ಮ ಕೇಳಿದ್ಲು. ಹದಿಮೂರು ಬಂತು, ನಡುವಿಂದು ಎಲ್ಲೋ ಅಂತ. ಹತ್ತು ನಿಮಿಷ ಸಾಕು ಮೇಡಂ. ಇವತ್ತು ಬೆಳಕು ಚೆನ್ನಾಗಿದೆ. ನೆಲದ ಮೇಲೆ ಮಲ್ಕೊಂಡು ನೋಡಿದ್ರೆ ಮುಖ ಕಾಣತ್ತೆ."

"ಅಪಾಯ ಅಪ್ಪಾ."

"ಅಮ್ಮ ಹನ್ನೊಂದು ವರ್ಷ ಅದರ ಕೆಳಗೇ ಮಂಡಿಯೂರಿದ್ಲು."

ಬೇಡ ಅನ್ನಬೇಕಿತ್ತು. ಬಾಯಿಗೂ ಬಂತು. ಆದರೆ ಇದೇ ಬಾಗಿಲಲ್ಲಿ ನಿಂತು, ಅವಳ ಮಗನಿಗೆ, ತಲೆ ಎತ್ತಿ ನೋಡಬೇಡ ಅಂತ ಇನ್ನೊಂದು ಸಲ ಹೇಳುವುದು — ನನ್ನಿಂದ ಆಗಲಿಲ್ಲ. ಕೀಲಿ ತೆಗೆದು ಕೊಟ್ಟೆ. ಮೇಜನ್ನು ಅವನೇ ಸರಿಸಿದ.

12.34 — ಟಿಕೆಟ್ ಮೇಜಿನಿಂದ ಅವನ ಬೂಟು ಮಾತ್ರ ಕಾಣುತ್ತವೆ. ಅಂಗಾತ ಮಲಗಿದ್ದಾನೆ. ಪೆನ್ಸಿಲಿನ ಸದ್ದು ಇಲ್ಲಿಗೂ ಕೇಳುತ್ತದೆ. ಆಗಲೇ ಒಂದು ಸಲ, "ಕಣ್ಣು ಬಿಟ್ಕೊಂಡಿದೆ ಮೇಡಂ! ನಮ್ಮನ್ನೇ ನೋಡ್ತಿದೆ!" ಅಂತ ಕೂಗಿದ. ಮಗುವಿನ ಹಾಗೆ.

12.40 — ಸಾಕು ಅನ್ನಲಾ. ಇನ್ನು ನಾಲ್ಕು ನಿಮಿಷ ಕೇಳಿದ್ದಾನೆ.

12.43 — ಪುಡಿ ಉದುರುವ ಸದ್ದು. ಸಕ್ಕರೆ ಸುರಿದ ಹಾಗೆ. ನಿಂತಿತು. ಮತ್ತೆ ಶುರು. ಪೆನ್ಸಿಲು ನಿಲ್ಲಲಿಲ್ಲ. ಅವನಿಗೆ ಕೇಳಿಸುತ್ತಿಲ್ಲವೇ? ಮೇಲೆ ಏನೋ ಮರ ಮುರಿದ ಹಾಗೆ ಟಿಕ್ ಅಂದಿತು. ಕೂಗಬೇಕು. ಏನಂತ ಕೂಗಲಿ? ಮೂರು ತಿಂಗಳು ಬೂದುಕೋಟು ಬೂದುಕೋಟು ಅಂತಲೇ ಬರೆದೆ. ಗಿಲೂಲಿ ಅಂದರೆ ಅದು ಅವನ ತಾಯಿಯ ತವರಿನ ಹೆಸರು. ಅವನದ್ದು ಏನು? ಅಯ್ಯೋ, ನಾನು ಅವನ ಹೆಸರನ್ನೇ